ಗೇರೆಣ್ಣೆ ಹಚ್ಚಿದ ಕೈ

ಮೊನ್ನೆ ಪಕ್ಕದ ಮನೆಯವರು ಹಳೆಯ ಬಾಗಿಲಿನ ಚೌಕಟ್ಟಿಗೆ ಗೇರೆಣ್ಣೆ ಹಚ್ಚಿಸುತ್ತಿದ್ದರು. ಗೇರುಬೀಜದ ಸಿಪ್ಪೆಯಿಂದ ತೆಗೆದ ಕಪ್ಪು ಎಣ್ಣೆ ಅದು, ಹಚ್ಚಿದರೆ ಗೆದ್ದಲು ಹತ್ತಿರ ಸುಳಿಯುವುದಿಲ್ಲ. ಸುಟ್ಟಂಥ, ಗಂಟಲು ಕೆರೆಯುವ ಆ ವಾಸನೆ ಕಾರವಾರದ ಸಂಜೆಗಾಳಿಯ ಜೊತೆ ನನ್ನ ಅಡುಗೆಮನೆಗೆ ಬಂತು. ಸಾರಿನ ಸೌಟನ್ನು ಹಾಗೇ ಬಿಟ್ಟು ಹೊರಗೆ ಓಡಿದೆ. ಕಟ್ಟೆಯ ಮೇಲೆ ಮಲಗಿದ್ದ ಬೆಕ್ಕನ್ನು ಎತ್ತಿಕೊಂಡು ಬಂದು ಕಿಟಕಿಗಳನ್ನೆಲ್ಲ ಮುಚ್ಚಿದೆ. ನಮ್ಮ ಮನೆಯವರು ನಕ್ಕರು. ನಗಲಿ, ಅವರು ಹುಟ್ಟಿದ್ದು ಬೇರೆ ಮನೆಯಲ್ಲಿ. ನಿಮಗೂ ಇಂಥದೊಂದು ವಾಸನೆ ಇದ್ದೀತು. ಉಳಿದವರಿಗೆ ಅದು ಬರೀ ಎಣ್ಣೆ, ನಿಮಗೊಬ್ಬರಿಗೆ ಮಾತ್ರ ಎದೆ ಧಸಕ್ಕೆನ್ನುತ್ತದೆ. ನನಗೆ ನೆನಪಾಗುವುದು ಮಾಜಾಳಿಯ ನನ್ನ ತವರುಮನೆ, ಆ ಮನೆಯಲ್ಲಿ ಎಲ್ಲರಿಗಿಂತ ಮೊದಲು ಊಟ ಮಾಡುತ್ತಿದ್ದ ಸೋನು ಎಂಬ ಕೆಂಚು ಬೆಕ್ಕು, ಅದನ್ನು ಸಾಕಿದ್ದ ಶಾಂತಾ ಕಾಕಿ.

ಕಡಲಿಗೆ ಬೆನ್ನು ಮಾಡಿ ನಿಂತಿದ್ದ ಹಂಚಿನ ಮನೆ. ಅಪ್ಪ ಅಮ್ಮ ಮತ್ತು ನಾನು, ಅಪ್ಪನ ತಾಯಿ ಆಜಿ, ಅಪ್ಪನ ತಮ್ಮ ವಿಠೋಬ ಕಾಕಾ, ಅವನ ಹೆಂಡತಿ ಶಾಂತಾ ಕಾಕಿ. ಕಾಕಾ ಗೋವೆಯ ಟ್ರಾಲರಿನಲ್ಲಿ ಕೂಲಿಗೆ ಹೋಗುತ್ತಿದ್ದ, ಹೋದರೆ ವಾರಗಟ್ಟಲೆ ಇಲ್ಲ. ಗಂಡಸು ಕಡಲಿನಲ್ಲಿರುವಾಗ ನಮ್ಮ ಮನೆಯಲ್ಲೊಂದು ಪದ್ಧತಿ ಇತ್ತು. ಮೊದಲ ತುತ್ತು ಬೆಕ್ಕಿಗೆ, ಆಮೇಲೆ ಮನುಷ್ಯರಿಗೆ. ಬೆಕ್ಕನ್ನು ಗದರಬಾರದು, ಹೊರಗೆ ಹಾಕಿ ಬಾಗಿಲು ಮುಚ್ಚಬಾರದು. ಅದು ಒಲೆಯ ಪಕ್ಕ ನೆಮ್ಮದಿಯಾಗಿ ಮಲಗಿದ್ದರೆ ದೋಣಿಯಲ್ಲಿದ್ದವನೂ ನೆಮ್ಮದಿಯಾಗಿರುತ್ತಾನೆ. ಇದು ಊರಿನ ಎಲ್ಲ ಮನೆಗಳಲ್ಲಿತ್ತೋ, ಆಜಿಯೇ ಹುಟ್ಟಿಸಿದ್ದೋ, ಇವತ್ತಿಗೂ ನನಗೆ ತಿಳಿಯದು. ಅಮ್ಮ ಅರ್ಧ ನಂಬುತ್ತಿದ್ದಳು, ಅಪ್ಪ ಬಿಲ್ಕುಲ್ ನಂಬುತ್ತಿರಲಿಲ್ಲ. ಕಾಕಿ ಮಾತ್ರ ತನ್ನ ಕರಿಮಣಿಯಷ್ಟೇ ಗಟ್ಟಿಯಾಗಿ ಅದನ್ನು ಹಿಡಿದುಕೊಂಡಿದ್ದಳು. ಅವಳಿಗೆ ಮಕ್ಕಳಿರಲಿಲ್ಲ, ಇದ್ದವನು ಕಾಕಾ ಒಬ್ಬ.

ಹಾಗಾಗಿ ಸೋನುವಿನ ಚಾಕರಿ ಏನು ಕೇಳುತ್ತೀರಿ! ಸಾರಿಗೆ ಉಪ್ಪು ಹಾಕುವ ಮೊದಲೇ ಬಂಗುಡೆಯ ತಲೆ ತೆಗೆದಿಟ್ಟು, ಬೇಯಿಸಿ, ಮುಳ್ಳು ಬಿಡಿಸಿ, ಅನ್ನಕ್ಕೆ ಕಲಸಿ, ಆರಿಸಿ ಕೊಡುತ್ತಿದ್ದಳು. ಒಣಮೀನು ಅದರ ಮೂಗಿಗೂ ತಾಗಕೂಡದು. "ಉಪ್ಪು ತಿಂದ್ರೆ ಇದ್ರ ಕೂದ್ಲು ಉದುರ್ತದೆ" ಎನ್ನುತ್ತಿದ್ದಳು. ಹಿತ್ತಲಿನ ಬಾಗಿಲ ಬಳಿ ಬೂದಿ ತುಂಬಿದ ಡಬ್ಬವಿತ್ತು, ಮಳೆಗಾಲದಲ್ಲಿ ಅದೇ ಅದರ ಪಾಯಿಖಾನೆ. ದಿನಾ ಬೂದಿ ಬದಲಾಗುತ್ತಿತ್ತು. ಉಗುರು ಮಸೆಯಲು ತೆಂಗಿನ ಕೊರಡು, ಆಡಲು ಹರಿದ ಬಲೆಯ ಚೂರು, ಮೈ ಬಾಚಲು ಅವಳದೇ ಮುರಿದ ಬಾಚಣಿಗೆ. ಬೆಳಿಗ್ಗೆ ಎದ್ದವಳೇ ಅದರ ಕಣ್ಣಿನ ರೆಪ್ಪೆ ಬಿಡಿಸಿ ನೋಡುತ್ತಿದ್ದಳು, ಒಸಡು ನೋಡುತ್ತಿದ್ದಳು. "ನನ್ನ ಗಂಟಲು ಕಟ್ಟಿ ಎಷ್ಟು ದಿನ ಆಯ್ತು, ಯಾರಾದ್ರೂ ಬಾಯಿ ತೆಗೆಸಿ ನೋಡಿದ್ರಾ" ಎಂದು ಆಜಿ ರೇಗಿಸುತ್ತಿದ್ದಳು. ಕಾಕಾ ಹೊರಡುವಾಗ ಹೊಸ್ತಿಲ ಮೇಲೆ ಕೂತ ಸೋನುವಿನ ತಲೆ ಮುಟ್ಟಿ, "ಮನೆ ನೋಡ್ಕೊ ಮಾರಾಯಾ" ಎಂದು ಹೇಳಿಯೇ ಟೆಂಪೋ ಹತ್ತುತ್ತಿದ್ದ.

ಆ ವರ್ಷ ಮಳೆ ಇಳಿದು ಟ್ರಾಲರುಗಳು ಮತ್ತೆ ಹೊರಟವು. ಕಾಕಾ ಹೋದ ಬೆನ್ನಿಗೇ ಸೋನು ಕಿವಿ ಕೆರೆದುಕೊಳ್ಳತೊಡಗಿತು. ಕಿವಿಯ ಹಿಂದೆ ಕೂದಲು ಹೋಗಿ ಬೂದು ಬಣ್ಣದ ಹಕ್ಕಳೆ ಕಟ್ಟಿತು, ನೋಡನೋಡುತ್ತ ಅದು ಕುತ್ತಿಗೆಗೆ ಇಳಿಯಿತು. ಕಾಕಿ ಅರಿಶಿನ ಹಚ್ಚಿದಳು, ಕೊಬ್ಬರಿ ಎಣ್ಣೆ ಹಚ್ಚಿದಳು, ಬೇವಿನ ಎಲೆ ಕುದಿಸಿದ ನೀರಿನಲ್ಲಿ ಒರೆಸಿದಳು. ಇಳಿಯಲಿಲ್ಲ. ಸೋನು ಒಲೆಯ ಪಕ್ಕ ಮಲಗದೆ ರಾತ್ರಿ ಹಗಲು ತಿರುಗಿತು. ಅದು ತಿರುಗಿದಷ್ಟೂ ಕಾಕಿಯ ಮುಖ ಕಪ್ಪಿಟ್ಟಿತು. ಕಾರವಾರದ ದನದ ಆಸ್ಪತ್ರೆಗೆ ಒಯ್ಯುತ್ತೇನೆ ಎಂದಾಗ ಆಜಿ, "ಬೆಕ್ಕು ತಕಂಡು ಬಸ್ಸು ಹತ್ತುದಾ? ಊರೆಲ್ಲಾ ನಗಾಡ್ತದೆ" ಎಂದಳು. ಕಾಕಿ ಮತ್ತೆ ಬೇವಿನ ನೀರು ಕುದಿಸಲಿಟ್ಟಳು.

ಅಂಗಳದಲ್ಲಿ ಕಾಕಾನ ಹಳೆಯ ಮರದ ದೋಣಿ ಮಗುಚಿಕೊಂಡಿತ್ತು. ಪ್ರತಿ ಮಳೆಗಾಲ ಅದರ ತಳಕ್ಕೆ ಗೇರೆಣ್ಣೆ ಬಳಿಯುವುದು ರೂಢಿ, ಮರ ಕೊರೆಯುವ ಕಡಲ ಹುಳ ಹತ್ತದಿರಲೆಂದು. ಮಿಕ್ಕ ಎಣ್ಣೆಯ ಡಬ್ಬಿ ಅಟ್ಟದ ಮೇಲಿತ್ತು. ಒಂದು ಮಧ್ಯಾಹ್ನ ಕಾಕಿ ಅದನ್ನು ಇಳಿಸಿದಳು. "ಸಮುದ್ರದ ಹುಳಾನೇ ಬರ್ಗೊಡುದಿಲ್ಲ, ಬೆಕ್ಕಿನ ಕಿವಿ ಹುಳ ಯಾವ ಲೆಕ್ಕ" ಎಂದಳು. ಆಜಿಯೂ ಹೌದು ಎಂಬಂತೆ ತಲೆಯಾಡಿಸಿದಳು. ಅದು ಸುಡುವ ಎಣ್ಣೆ ಎಂದು ಇಬ್ಬರಿಗೂ ಗೊತ್ತಿತ್ತು, ಆದರೆ ಒಡೆದ ಹಿಮ್ಮಡಿಗೆ ಅದನ್ನೇ ಹಚ್ಚಿ ವಾಸಿ ಮಾಡಿಕೊಂಡ ಕಾಲುಗಳು ಅವರವು. ಕೊಬ್ಬರಿ ಎಣ್ಣೆ ಬೆರೆಸಿ ತೆಳ್ಳಗೆ ಮಾಡಿ, ಬರಿಗೈಯಲ್ಲಿ, ಮಗುವಿಗೆ ಕಾಡಿಗೆ ಹಚ್ಚುವ ಹಾಗೆ ಸೋನುವಿನ ಕಿವಿಗೆ, ಕುತ್ತಿಗೆಗೆ ಹಚ್ಚಿದಳು. ನಾನು ಅದರ ಕಾಲು ಹಿಡಿದುಕೊಂಡಿದ್ದೆ. ಬಿಟ್ಟ ಕೂಡಲೇ ಅದು ಮುಂಗಾಲಿನಿಂದ ಕಿವಿ ಒರೆಸಿತು, ಕಾಲು ನೆಕ್ಕಿತು. ಮತ್ತೆ ಒರೆಸಿತು, ಮತ್ತೆ ನೆಕ್ಕಿತು. ಬೆಕ್ಕು ಹಾಗೆ ಮಾಡುವುದು ಯಾರಿಗೆ ಹೊಸದು? ನಾವು ನೋಡುತ್ತ ಕೂತಿದ್ದೆವು.

ಮರುದಿನ ಅದರ ಬಾಯಿ ಊದಿತ್ತು, ಜೊಲ್ಲು ಸುರಿಯುತ್ತಿತ್ತು. ಅನ್ನ ಮೂಸಿ ಬಿಟ್ಟಿತು. ಕಾಕಿ ಹಾಲಿನಲ್ಲಿ ಬತ್ತಿ ಅದ್ದಿ ಬಾಯಿಗೆ ಹಿಂಡಿದರೆ ಹೊರಗೆ ಬಂತು. ಅದು ಊಟ ಬಿಟ್ಟ ಮೇಲೆ ಅವಳೂ ಊಟ ಬಿಟ್ಟಳು, ಮೊದಲ ತುತ್ತು ಹೋಗದೆ ತಾನು ಹೇಗೆ ಉಣ್ಣಲಿ ಎಂದಳು. ಅವಳ ಬೆರಳುಗಳಲ್ಲೂ ಗುಳ್ಳೆ ಎದ್ದು ಚರ್ಮ ಕಪ್ಪಾಗಿ ಸುಲಿಯತೊಡಗಿತ್ತು. ಸೋನು ಮಗುಚಿದ ದೋಣಿಯ ಅಡಿಗೆ ಹೋಗಿ ಸೇರಿತು, ಕರೆದರೂ ಬರಲಿಲ್ಲ. ಅಲ್ಲೇ ಸತ್ತಿತು. ಕಾಕಿ ಅತ್ತರೆ ನನಗಿಷ್ಟು ಭಯವಾಗುತ್ತಿರಲಿಲ್ಲ. ಅವಳು ಕಡಲಿನ ಕಡೆ ನೋಡಿದಳು. ನಮ್ಮ ಮನೆಯಲ್ಲಿ ಯಾರೂ ಆ ಕಡೆಗೆ ಹಾಗೆ ನೋಡಿದ್ದನ್ನು ನಾನು ಕಂಡಿರಲಿಲ್ಲ.

ಆದರೆ ಕಾಕಾ ಬಂದ. ಬಿಸಿಲಿಗೆ ಸುಟ್ಟುಕೊಂಡು, ನಗುತ್ತ, ಪ್ಲಾಸ್ಟಿಕ್ ಚೀಲದಲ್ಲಿ ಸೋನುವಿನ ಪಾಲಿನ ಮೀನು ಹಿಡಿದುಕೊಂಡೇ ಬಂದ. "ಎಲ್ಲಿ ಅವ?" ಎಂದು ಕೇಳಿದ. "ತಿರುಗ್ಲಿಕ್ಕೆ ಹೋಗ್ಯದೆ, ಬರ್ತದೆ" ಎಂದಳು ಕಾಕಿ. ಆಜಿ ನನ್ನ ರಟ್ಟೆ ಗಟ್ಟಿಯಾಗಿ ಹಿಡಿದಿದ್ದಳು. ಅಪ್ಪ ಅಮ್ಮನಿಗೆ ಆ ಮಾತು ಸರಿ ಎನಿಸಿತು. ಮತ್ತೆ ಕಡಲಿಗೆ ಇಳಿಯುವವನ ಮನಸ್ಸಿಗೆ ಯಾಕೆ ಹುಳ ಬಿಡುವುದು? ಕಾಕಾ ಮನೆಯಲ್ಲಿದ್ದಷ್ಟು ದಿನ ಮೀನಿನ ತಲೆ ಮೆಟ್ಟಿಲ ಮೇಲಿಟ್ಟು ಕರೆದ. ಕಾಗೆಗಳು ತಿಂದವು. ಹೊರಡುವ ದಿನ ಹೊಸ್ತಿಲ ಮೇಲೆ ಚಪ್ಪಲಿ ಹಾಕಿಕೊಂಡು ಸುಮ್ಮನೆ ನಿಂತ. ರಸ್ತೆಯಲ್ಲಿ ಟೆಂಪೋ ಹಾರ್ನ್ ಹೊಡೆಯುತ್ತಲೇ ಇತ್ತು. "ಬಂದ್ರೆ ಹೊರಗೆ ಬಿಡ್ಬೇಡ" ಎಂದು ಕಾಕಿಗೆ ಹೇಳಿ, ಮುಟ್ಟಲು ತಲೆಯಿಲ್ಲದೆ ಬರಿಯ ಹೊಸ್ತಿಲನ್ನು ಮುಟ್ಟಿ ಹೋದ.

ಆ ಸಲ ಗಾಳಿ ಎದ್ದಿತ್ತು. ಟ್ರಾಲರ್ ಬಂತು, ಉಳಿದವರೆಲ್ಲ ಬಂದರು. ಬಲೆ ಎಳೆಯುವಾಗ ಅಲೆ ಹೊಡೆದು ನೀರಿಗೆ ಬಿದ್ದವನು ಕಾಕಾ ಒಬ್ಬ. ಸುದ್ದಿ ತಂದವರು ಅಂಗಳ ಹತ್ತುವ ಮೊದಲೇ ಕಾಕಿ ಅಡುಗೆಮನೆಯಲ್ಲಿ ಎದ್ದು ನಿಂತಿದ್ದಳು. ಯಾರೂ ಅವಳನ್ನು ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಜಗಳ ಮಾಡಿ, ಅತ್ತು, ಹಗುರಾಗುತ್ತಿದ್ದಳೋ ಏನೋ. ಆ ಮನೆಯಲ್ಲಿ ಮತ್ತೆ ಬೆಕ್ಕು ಸಾಕಲಿಲ್ಲ. ಕಾಕಿ ತವರಿಗೆ, ಅಂಕೋಲಾಕ್ಕೆ ಹೋದಳು. ಆಜಿ ತೀರಿಕೊಂಡ ಮೇಲೆ ಅಪ್ಪ ಮನೆ ಮಾರಿದ; ಈಗ ಅಲ್ಲಿ ಬಣ್ಣದ ದೀಪಗಳ ಲಾಡ್ಜ್ ಇದೆ, ದೋಣಿ ಮಗುಚಿದ್ದ ಜಾಗದಲ್ಲಿ ಕಾರು ನಿಲ್ಲಿಸುತ್ತಾರೆ.

ನನ್ನ ಈಗಿನ ಬೆಕ್ಕನ್ನು ಲಸಿಕೆಗೆ ಒಯ್ದಾಗ ಡಾಕ್ಟರು ಹೇಳಿದ್ದರು, "ಬೆಕ್ಕಿನ ಮೈಗೆ ಹಚ್ಚಿದ್ದೆಲ್ಲ ಹೊಟ್ಟೆಗೇ ಹೋಗುವುದು, ಮನೆಮದ್ದು ಬೇಡ." ಕಳೆದ ತಿಂಗಳು ಕಾಕಿ ಬಂದಾಗ ಧೈರ್ಯ ಮಾಡಿ ಅದನ್ನೇ ಹೇಳಿದೆ. ಎಣ್ಣೆ ಕೊಂದದ್ದು ಬೆಕ್ಕನ್ನು, ಕಾಕಾನನ್ನು ತಕೊಂಡದ್ದು ಗಾಳಿ, ಒಂದಕ್ಕೊಂದು ಸಂಬಂಧವಿಲ್ಲ ಎಂದೆ. ಅವಳು ಪೂರ್ತಿ ಕೇಳಿಸಿಕೊಂಡಳು. "ಹೌದು, ನಂಗೂ ಹಾಂಗೇ ಕಾಣ್ತದೆ" ಎಂದಳು. ನನ್ನ ಜೀವ ತಣ್ಣಗಾಯಿತು.

ಅಷ್ಟರಲ್ಲಿ ಬೆಕ್ಕು ಬಂದು ಅವಳ ಮಡಿಲು ಹತ್ತಿ ಸುರುಳಿ ಸುತ್ತಿಕೊಂಡಿತು. ಕಾಕಿ ತಟ್ಟನೆ ಎರಡೂ ಕೈಗಳನ್ನು ಮೇಲೆತ್ತಿದಳು.

"ನಿನ್ನ ಗಂಡ ಕೆಲಸದಿಂದ ಬಂದ್ನಾ?" ಎಂದು ಕೇಳಿದಳು.

"ಇಲ್ಲ ಕಾಕಿ, ಇನ್ನು ಬರ್ಬೇಕು."

"ಅವ ಬರುವರೆಗೆ ನಾ ಇದ್ನ ಮುಟ್ಟುದಿಲ್ಲ ಹಾಂ."

ಬೆಕ್ಕು ನಿದ್ದೆ ಹೋಯಿತು. ಹೊರಗೆ ಕತ್ತಲಾಗುತ್ತಿತ್ತು. ಮುದಿ ಕೈಗಳು ಸೋತಿರಬೇಕು, ಅವಳು ಇಳಿಸಲಿಲ್ಲ. ಅವತ್ತು ಅವರು ಬರುವುದು ಸ್ವಲ್ಪ ತಡವಾಯಿತು. ಗೇಟಿನಲ್ಲಿ ಸ್ಕೂಟರಿನ ಸದ್ದು ಕೇಳುವವರೆಗೂ ನಾನೂ ಉಸಿರು ಬಿಟ್ಟಿರಲಿಲ್ಲ.