ಟೀವಿಯಲ್ಲಿ ಕಂಡ ಅತ್ತೆಯ ಜಡೆ

ಹಳೆಯ ಟೀವಿ ಬಿಸಿಯಾದಾಗ ಅದರ ಬೆನ್ನಿಂದ ಬರುತ್ತಿದ್ದ ಧೂಳು ಸುಟ್ಟ ವಾಸನೆ ಈಗಿನ ತೆಳು ಟೀವಿಗಳಿಗಿಲ್ಲ. ಮೊನ್ನೆ ಯಲಹಂಕದ ರಿಪೇರಿ ಅಂಗಡಿಯೊಂದರ ಮುಂದೆ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಅಲ್ಲೇ ನಿಂತುಬಿಟ್ಟೆ. ಶೆಟ್ಟಿಹಳ್ಳಿಯ ನಮ್ಮ ಬಾಡಿಗೆ ಮನೆ ಕಣ್ಣಮುಂದೆ ಬಂತು. ಅಪ್ಪನಿಗೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದು ಗದಗ ಬಿಟ್ಟು ಬಂದವರು ನಾವು. ಅಜ್ಜ, ಅಜ್ಜಿ, ಅಪ್ಪನ ತಂಗಿ ಎಲ್ಲರೂ ಜೊತೆಗೇ ಬಂದಿದ್ದರು. ಆ ತಂಗಿಯೇ ನನ್ನ ಅತ್ತೆ. ಖೋ ಖೋ ಆಡುತ್ತಿದ್ದರು. ಆಡುತ್ತಿದ್ದರು ಅಂದರೆ ಸಾಲದು, ಅದರಲ್ಲೇ ಉಸಿರಾಡುತ್ತಿದ್ದರು.

ಹೆಣ್ಣುಮಗಳು ಚಡ್ಡಿ ಹಾಕಿಕೊಂಡು ಮೈದಾನದಲ್ಲಿ ಓಡುವುದು ಅಜ್ಜನಿಗೆ ಸುತರಾಂ ಹಿಡಿಸದು. ಅತ್ತೆಯ ತಂಡ ದೊಡ್ಡ ಪಂದ್ಯದ ಫೈನಲ್ ಗೆದ್ದು ಬಂದಾಗಲೂ ಮುಖ ಸಡಿಲಿಸಲಿಲ್ಲ. ಅದರ ತುಣುಕುಗಳನ್ನು ಭಾನುವಾರ ಮಧ್ಯಾಹ್ನ ಸರ್ಕಾರದ ಟೀವಿಯಲ್ಲಿ ತೋರಿಸುತ್ತಾರಂತೆ ಎಂದು ಗೊತ್ತಾದಾಗ ಮಾತ್ರ ಒಂದು ಷರತ್ತು ಹಾಕಿದರು. “ಟೀವಿಯಾಗ ನಿನ್ನ ಮಾರಿ ಕಂಡ್ರ ಆಡು. ಇಲ್ಲಂದ್ರ ಇದ ಕಡೀದು, ವರ ನೋಡಾಕ ಸುರು ಮಾಡ್ತೀನಿ.” ಅತ್ತೆ ಹೂಂ ಅಂದರು.

ಭಾನುವಾರ ಎಲ್ಲರೂ ಊಟ ಬೇಗ ಮುಗಿಸಿ ಟೀವಿಯ ಮುಂದೆ ಚಾಪೆ ಹಾಸಿ ಕೂತೆವು. ಮನೆಯ ಓನರ್ ಆಂಟಿಯೂ ಅವರೆಕಾಯಿ ಬುಟ್ಟಿ ಹಿಡಿದು, ಸುಲಿಯುತ್ತಲೇ ಒಳಗೆ ಬಂದರು. ಖೋ ಖೋದಲ್ಲಿ ಅಟ್ಟಿಸುವ ತಂಡದವರು ಸಾಲಾಗಿ ಕೂರುತ್ತಾರಲ್ಲ, ಒಬ್ಬರು ಈ ಕಡೆಗೆ ಮುಖ ಮಾಡಿದರೆ ಪಕ್ಕದವರು ಆ ಕಡೆಗೆ. ನಮ್ಮ ಹಣೆಬರಹ, ಅತ್ತೆಯ ಮುಖ ಆ ಕಡೆಗೆ! ಉದ್ದ ಜಡೆ, ಬೆನ್ನ ಮೇಲಿನ ನಂಬರು, ಅಷ್ಟೇ. ಕೊನೆಗೊಮ್ಮೆ ಹಿಂದಿನಿಂದ ಯಾರೋ ಬೆನ್ನು ಮುಟ್ಟಿ “ಖೋ” ಅಂದರು, ಅತ್ತೆ ಎದ್ದರು. ಅಷ್ಟರಲ್ಲಿ ದೃಶ್ಯ ಬದಲಾಗಿ ಮಂತ್ರಿಗಳ ಭಾಷಣ ಶುರುವಾಯಿತು.

“ಅಯ್ಯೋ ಇವ್ರ ಮನೆ ಕಾಯ್ವಾಗ! ಆಡೋ ಹುಡ್ಗೀರನ್ನ ಬಿಟ್ಟು ಮಿನಿಸ್ಟ್ರನ್ನ ತೋರಿಸ್ತಾರಲ್ಲ ಕಣ್ರೀ,” ಎಂದು ಓನರ್ ಆಂಟಿ ಸಿಡುಕಿದರು. ಭಾಷಣ ಮುಗಿದು ಬಹುಮಾನ ಕೊಡುವ ಹೊತ್ತು ಬಂತು. ಅತ್ತೆಯ ಸರದಿ ಬಂದಾಗ ನಾನು ಚಪ್ಪಾಳೆಗೆ ಕೈ ಎತ್ತಿದ್ದೆ. ಅವರೋ ವೇದಿಕೆ ಹತ್ತಿದವರೇ ಸೀದಾ ಬಗ್ಗಿ ಮಂತ್ರಿಗಳ ಕಾಲು ಮುಟ್ಟಿದರು. ಜಡೆ ಮುಂದಕ್ಕೆ ಬಿದ್ದು ಮುಖ ಮುಚ್ಚಿತು. ತಲೆ ಎತ್ತುವ ಮೊದಲೇ ಕ್ಯಾಮೆರಾ ಮುಂದಿನ ಹುಡುಗಿಯ ಕಡೆ ಹೋಯಿತು. ಆ ಕ್ಯಾಮೆರಾದವನ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

“ಅಕಿ ಜಡಿ ಹೆಣದಾಕಿ ನಾನು. ಅಕೀನ ಅದು,” ಅಂದರು ಅಜ್ಜಿ. ಅಜ್ಜ ಮಾತ್ರ, “ಮಾರಿ ಕಾಣ್ಲಿಲ್ಲ. ಮುಗೀತು,” ಎಂದು ಏಳಹೊರಟರು.

ಅತ್ತೆ ಅವರ ಎದುರಿಗೇ ನಿಂತರು. “ಹಿರೇರ ಕಾಲಿಗಿ ಬಗ್ಗಬೇಕಂತ ಕಲಿಸಿದವ್ರು ನೀವ ಅಲ್ರೀ ಅಪ್ಪಾ? ಬಗ್ಗೀನಿ. ಆಟ ಮಾತ್ರ ಬಿಡೂದಿಲ್ಲ. ನಾಳೆ ಮುಂಜಾನೆ ಪ್ರಾಕ್ಟೀಸ್ ಐತಿ, ಹೋಗ್ತೀನಿ.”

ಹೋದರು. ಮರುದಿನವೂ, ಅದರ ಮರುದಿನವೂ. ಅಜ್ಜ ಅವರ ಜೊತೆ ಮಾತು ಬಿಟ್ಟರು. ಆದರೆ ಮುಂದಿನ ಬೇಸಿಗೆಯಲ್ಲಿ ಯಶವಂತಪುರದ ಮೈದಾನದಲ್ಲಿ ಪಂದ್ಯ ಇದೆಯೆಂದಾಗ, ಯಾರಿಗೂ ಹೇಳದೆ ನನ್ನ ಕೈ ಹಿಡಿದು ಬಸ್ ಹತ್ತಿದರು. ಬೇಲಿಯ ಪಕ್ಕ ನಿಂತೆವು. ಅಂದು ಅತ್ತೆ ಓಡಿದ ಓಟವನ್ನು ಏನೆಂದು ಹೇಳಲಿ! ಕಂಬದ ಹತ್ತಿರ ಮೈ ಬಳುಕಿಸಿ, ಹಿಡಿಯಲು ಬಂದವಳ ಕೈ ತಪ್ಪಿಸಿ, ನಮ್ಮ ಮುಂದೆಯೇ ಹಾದುಹೋದರು. ಅಜ್ಜ ಬೇಲಿಯನ್ನು ಎರಡೂ ಕೈಯಲ್ಲಿ ಹಿಡಿದು, “ಓಡವ್ವಾ, ಓಡು ನನ್ನ ಮಗಳ!” ಎಂದು ಕೂಗಿದರು. ಅತ್ತೆ ಓಡುತ್ತಲೇ ತಿರುಗಿ ನೋಡಿ ನಕ್ಕರು.

ಆ ಮನೆಯಿದ್ದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟ್ ಎದ್ದಿದೆ. ಅಜ್ಜ ಹೋದರು, ಅತ್ತೆಯೂ ಹೋದರು. ಈಗ ಖೋ ಖೋ ಟೀವಿಯಲ್ಲಿ ಝಗಝಗ ಬೆಳಕಿನಲ್ಲಿ ಬರುತ್ತದೆ, ಹುಡುಗಿಯರ ಹಣೆಯ ಬೆವರೂ ಕಾಣುತ್ತದೆ. ನೋಡುತ್ತೇನೆ, ಹೊಟ್ಟೆ ತುಂಬುತ್ತದೆ, ಸಂಕಟವೂ ಆಗುತ್ತದೆ. ಅತ್ತೆಯ ಆ ನಗುವನ್ನು ಯಾವ ಕ್ಯಾಮೆರಾವೂ ಹಿಡಿದಿಲ್ಲ. ಕಂಡವರು ನಾನು ಮತ್ತು ಅಜ್ಜ. ಈಗ ನಾನೊಬ್ಬಳೇ ಉಳಿದಿದ್ದೇನೆ, ಉಸಿರಿರುವವರೆಗೂ ಹೇಳುತ್ತಲೇ ಇರುತ್ತೇನೆ.