ಹಲಸಿನ ಮಣೆ ತೆಗೆಸಿದವಳು

ಗ್ರೈಂಡರಿನ ಮುಂದಿದ್ದ ಮಣೆಯನ್ನು ತೆಗೆಸಿದವಳು ನಾನು. ಶೀನಣ್ಣ ಅಲ್ಲ.

ಇಷ್ಟು ಬರೆಯಲು ನನಗೆ ವರ್ಷಗಳೇ ಬೇಕಾದವು. ಬರೆದ ಮೇಲೆ ನೋಡಿದರೆ ಎಷ್ಟು ಚಿಕ್ಕ ಮಾತು. ಆದರೆ ಇದರ ಹಿಂದೆ ಇನ್ನೊಂದು ಇದೆ — ಅದನ್ನು ನಾನು ಇದಕ್ಕಿಂತಲೂ ಜೋಪಾನವಾಗಿ ಮುಚ್ಚಿಟ್ಟುಕೊಂಡಿದ್ದೆ. ಅದಕ್ಕೂ ಬರುತ್ತೇನೆ. ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳಬೇಕು. ಹಿಂದುಮುಂದು ಮಾಡಲು ಹೊರಟರೆ ನನಗೆ ಅನುಕೂಲವಾಗುವ ಹಾಗೆಯೇ ಮಾಡಿಬಿಡುತ್ತೇನೆ. ನನ್ನನ್ನು ನಾನು ಅಷ್ಟು ಬಲ್ಲೆ.

ತಮಿಳು ಸೀಮೆಯ ರಾಯಪುರಂನಲ್ಲಿ ನಮ್ಮದೊಂದು ಸಸ್ಯಾಹಾರಿ ಹೋಟೆಲು. ಕುಂದಾಪುರದ ಕಡೆಯಿಂದ ಬಂದ ನನ್ನ ಮಾವ ಶುರು ಮಾಡಿದ್ದು. ಈಗ ನಮ್ಮವರು ನಡೆಸುತ್ತಾರೆ, ನಾನು ಗಲ್ಲಾದಲ್ಲಿ ಕೂರುತ್ತೇನೆ. ಬೆಳಗ್ಗೆ ಬಂದರಿನ ಲಾರಿಯವರು, ಕಾಸಿಮೇಡಿನಲ್ಲಿ ಮೀನಿನ ಹರಾಜು ಮುಗಿಸಿ ಬಂದವರು, ಇಡ್ಲಿ ಸಾಂಬಾರು ಎಂದು ಮುಗಿಬೀಳುತ್ತಾರೆ. ಮಧ್ಯಾಹ್ನದ ಊಟ ಮುಗಿದು ಸಂಜೆಯ ಕಾಫಿಯವರು ಬರುವ ತನಕ ಮಾತ್ರ ಹೋಟೆಲಿಗೆ ಸ್ವಲ್ಪ ಬಿಡುವು. ಆ ಹೊತ್ತಿನಲ್ಲೇ ಶೀನಣ್ಣ ಅಡುಗೆಮನೆಯಲ್ಲಿ ಮರುದಿನದ ಹಿಟ್ಟು ರುಬ್ಬುತ್ತಿದ್ದರು.

ಶೀನಣ್ಣ ಬೈಂದೂರಿನ ಕಡೆಯವರು. ಮಾವನವರ ಕಾಲದಿಂದ ನಮ್ಮಲ್ಲಿದ್ದಾರೆ, ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವರು. ಆದರೂ ನನ್ನನ್ನು ‘ಅಮ್ಮ’ ಎಂದೇ ಕರೆಯುತ್ತಾರೆ — ಹೋಟೆಲಿನ ರೂಢಿ. ನಮ್ಮ ಅಡುಗೆಮನೆಯಲ್ಲಿ ದೇವರ ಪಟ ಇರುವುದರಿಂದ ಅಲ್ಲಿ ಯಾರೂ ಚಪ್ಪಲಿ ಹಾಕುವುದಿಲ್ಲ. ನೆಲವಂತೂ ಸದಾ ಒದ್ದೆ. ಶೀನಣ್ಣ ಮಾತ್ರ ಗ್ರೈಂಡರಿನ ಮುಂದೆ ಒಂದು ಹಲಸಿನ ಮಣೆ ಹಾಕಿಕೊಂಡು ಅದರ ಮೇಲೆ ನಿಲ್ಲುತ್ತಿದ್ದರು. ಯಾಕೆಂದು ಒಂದು ದಿನ ಕೇಳಿದೆ.

“ಮಿಷನ್ ಒಂದೊಂದ್ ಸಲ ಕಚ್ಚತ್ತ್ ಅಮ್ಮ. ಮಣಿ ಮೇಲೆ ನಿಂತ್ರೆ ಎಂತದೂ ಆತಿಲ್ಲ.”

“ಒಂದೊಂದು ಸಲ ಅಂದ್ರೆ ಯಾವಾಗ?”

“ಅದ್ಕ್ ಕೋಪ ಬಂದಾಗ!” ಎಂದು ನಕ್ಕರು. ಅವರಿಗಿಂತ ಮೊದಲು ರುಬ್ಬುತ್ತಿದ್ದವರೂ ಮಣೆಯ ಮೇಲೇ ನಿಲ್ಲುತ್ತಿದ್ದರಂತೆ. ಯಾಕೆಂದು ಅವರೂ ಕೇಳಿರಲಿಕ್ಕಿಲ್ಲ.

ನನಗೆ ಆ ‘ಒಂದೊಂದು ಸಲ’ ತಲೆಯಲ್ಲಿ ಕೂತುಬಿಟ್ಟಿತು. ಯಾವಾಗಲೂ ಕಚ್ಚಿದರೆ ಅರ್ಥವಾಗುತ್ತದೆ, ಕಚ್ಚದೇ ಇದ್ದರೂ ಅರ್ಥವಾಗುತ್ತದೆ. ಆದರೆ ಒಂದೊಂದು ಸಲ ಯಾಕೆ? ಗಲ್ಲಾದಲ್ಲಿ ಕೂತು ಮೊಬೈಲಿನಲ್ಲಿ ಹುಡುಕಿದೆ. ಹಾಗೆ ಸಿಕ್ಕಿದ್ದು ಆ ಮೇಷ್ಟ್ರ ವೀಡಿಯೋಗಳು. ಯಾವುದೋ ಹೊರದೇಶದ, ನರೆತ ಕೂದಲಿನ ಮನುಷ್ಯ. ಒಂದು ಹಲಗೆಯ ಮೇಲೆ ಮನೆಯ ವೈರಿಂಗನ್ನೆಲ್ಲ ಬಿಚ್ಚಿ ಹರಡಿಕೊಂಡು, ಅದನ್ನು ಹೇಗೆ ಪರೀಕ್ಷಿಸಬೇಕೆಂದು ಪಾಠ ಹೇಳುತ್ತಿದ್ದರು. ಅವರ ತಂತಿಗಳ ಬಣ್ಣ ಬೇರೆ, ನಮ್ಮವು ಬೇರೆ. ಇಂಗ್ಲಿಷ್ ಅರ್ಧ ಅರ್ಥವಾಗುತ್ತಿತ್ತು, ಉಳಿದರ್ಧವನ್ನು ಹಿಂದಕ್ಕೆ ಎಳೆದು ಮತ್ತೆ ಕೇಳುತ್ತಿದ್ದೆ.

ನಾನು ಕಾಮರ್ಸ್ ಓದಿದವಳು. ಸ್ವಿಚ್ಚು ಒತ್ತಿದರೆ ಕರೆಂಟು ಬರುತ್ತದೆ ಎಂದಷ್ಟೇ ಗೊತ್ತಿತ್ತು. ಬಂದದ್ದು ಹಿಂದಿರುಗಲೂಬೇಕು ಎಂಬುದು ಗೊತ್ತಿರಲಿಲ್ಲ. ಗೋಡೆಯ ಪ್ಲಗ್ಗಿನಲ್ಲಿ ಮೂರು ತೂತು. ಒಂದರಿಂದ ಕರೆಂಟು ಬರುತ್ತದೆ, ಇನ್ನೊಂದರಿಂದ ಹಿಂದಿರುಗುತ್ತದೆ. ಮೂರನೆಯದು ಅರ್ತಿಂಗ್ — ಅದರಲ್ಲಿ ಏನೂ ಹರಿಯುವುದಿಲ್ಲ. ಯಂತ್ರದ ಮೈಗೆ ಕರೆಂಟು ತಗುಲಿದರೆ ಅದನ್ನು ನೆಲಕ್ಕೆ ಒಯ್ಯಲೆಂದು ಆ ತಂತಿ ತನ್ನ ಆಯುಷ್ಯವಿಡೀ ಸುಮ್ಮನೆ ಕಾಯುತ್ತದೆ. ಇದು ತಿಳಿದ ದಿನ ನಾನು ಹೋಟೆಲಿನ ಗೋಡೆಗಳನ್ನು ಬೇರೆಯೇ ಕಣ್ಣಿನಿಂದ ನೋಡಿದೆ. ಇಷ್ಟು ಕಾಲ ಇವುಗಳ ನಡುವೆ ಓಡಾಡಿಕೊಂಡಿದ್ದು ಒಳಗೆ ಏನಿದೆ ಎಂದು ಒಮ್ಮೆಯೂ ಕೇಳಲಿಲ್ಲವಲ್ಲ ಎನ್ನಿಸಿತು. ಆ ಸಂತೋಷ ನಿಜವಾದದ್ದು. ಇಷ್ಟೆಲ್ಲ ಆದ ಮೇಲೂ ಅದನ್ನು ಸುಳ್ಳೆನ್ನಲಾರೆ.

ಪ್ಲಗ್ಗಿಗೆ ಚುಚ್ಚುವ ಚಿಕ್ಕದೊಂದು ಟೆಸ್ಟರು ತರಿಸಿದೆ. ವೈರಿಂಗು ಸರಿ ಇದ್ದರೆ ಅದರ ಹಸಿರು ದೀಪಗಳು ಹತ್ತುತ್ತವೆ, ತಪ್ಪಿದ್ದರೆ ಕೆಂಪು. ಮನೆಯಲ್ಲಿ ಒಂದು ಪ್ಲಗ್ಗನ್ನೂ ಬಿಡದೆ ಚುಚ್ಚುತ್ತಾ ಹೋದೆ. ಮಗಳು ಸೋಫಾದಲ್ಲಿ ಕಾಲು ಚಾಚಿಕೊಂಡು, “ಅಮ್ಮಾ, ನೀ ಪೆರಿಯ ಇಂಜಿನಿಯರ್ ಆಯಿಟ್ಟೆ, ಪೋ!” ಎಂದು, ನಾನು ದೊಡ್ಡ ಇಂಜಿನಿಯರೇ ಆಗಿಬಿಟ್ಟೆನೆಂದು ರೇಗಿಸಿದಳು. ಅವಳಿಗೆ ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದು ತಮಿಳೇ. ಶೀನಣ್ಣನಂತೂ ನಾನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿದ್ದು ಕಂಡರೆ ಸಾಕು — “ಹ್ವಾಯ್ ಅಮ್ಮ, ನಿಮ್ಮ ಮೊಬೈಲ್ ಮೇಷ್ಟ್ರಿಗೆ ಉದ್ದ್ ರುಬ್ಬುಕೆ ಬತ್ತಾ ಕೇಣಿ ಕಾಂಬ!”

ಆ ಮೇಷ್ಟ್ರು ಪ್ರತಿ ಪಾಠದಲ್ಲೂ ಒಂದು ಮಾತು ಹೇಳುತ್ತಿದ್ದರು. ಮೊದಲು ಕರೆಂಟು ತೆಗೆಯಿರಿ. ಬಿಚ್ಚಿ, ಕಣ್ಣಿನಿಂದ ನೋಡಿ. ಪರೀಕ್ಷಿಸುವ ಮೀಟರು ಆಮೇಲೆ.

ಇದನ್ನು ನಾನು ಕೇಳಿರಲಿಲ್ಲ ಎನ್ನುವಂತಿಲ್ಲ. ಬಾಯಿಪಾಠ ಬರುವಷ್ಟು ಕೇಳಿದ್ದೆ. ಆದರೆ ಗ್ರೈಂಡರಿನ ಪ್ಲಗ್ಗು ಇರುವ ಲೈನಿನಲ್ಲೇ ದೇವರ ಬಲ್ಬು ಇದೆ — ಪಟದ ಮುಂದೆ ಉರಿಯುವ ಒಂದು ಪುಟ್ಟ ಕೆಂಪು ಬಲ್ಬು. ಮಾವನವರು ಹೋಟೆಲು ತೆರೆದ ದಿನ ಹಚ್ಚಿದ್ದು. ಕರೆಂಟು ಹೋಗಿ ಅದು ತಾನಾಗಿ ಆರಿದರೆ ದೋಷವಿಲ್ಲ. ಮನೆಯವರು ಕೈಯಾರೆ ಆರಿಸಬಾರದು. ಬಲ್ಬು ಸುಟ್ಟುಹೋದರೂ ಸ್ವಿಚ್ಚು ಹಾಕಿದ್ದಂತೆಯೇ ಹೊಸದನ್ನು ಸಿಕ್ಕಿಸುತ್ತೇವೆ. ಪ್ಲಗ್ಗು ಬಿಚ್ಚಬೇಕಾದರೆ ಮೇನ್ ತೆಗೆಯಬೇಕು, ಮೇನ್ ತೆಗೆದರೆ ಆ ಬಲ್ಬು ಆರುತ್ತದೆ. ನಾನು ಮೇನ್ ಸ್ವಿಚ್ಚಿನ ಮುಂದೆ ನಿಂತೆ. ಕೈಯನ್ನೂ ಎತ್ತಿದೆ. ಆಮೇಲೆ — ಟೆಸ್ಟರು ಇದೆಯಲ್ಲ, ಸಾಕು, ಎಂದುಕೊಂಡೆ.

ದೇವರಿಗೆ ಹೆದರಿದೆನೋ, ಬಿಚ್ಚುವ ಕೆಲಸಕ್ಕೆ ಹೆದರಿ ದೇವರನ್ನು ಅಡ್ಡ ಇಟ್ಟುಕೊಂಡೆನೋ — ಈಗಲೂ ಗೊತ್ತಿಲ್ಲ.

ಗ್ರೈಂಡರು ನಿಂತಿತ್ತು. ಅದರ ಪಿನ್ನು ಕಿತ್ತು ಗೋಡೆಯ ಪ್ಲಗ್ಗಿಗೆ ಟೆಸ್ಟರು ಚುಚ್ಚಿದೆ. ಹಸಿರು ದೀಪಗಳು ಹತ್ತಿದವು. ಶೀನಣ್ಣ ನೆನೆದ ಅಕ್ಕಿಯ ಪಾತ್ರೆ ಹಿಡಿದುಕೊಂಡು ಬಗ್ಗಿ ನೋಡಿದರು.

“ನೋಡಿ ಶೀನಣ್ಣ, ಎಲ್ಲ ಸರಿ ಉಂಟು,” ಎಂದೆ. “ಇನ್ನು ಆ ಮಣೆ ಬೇಡ.”

ಅವರು ಮಣೆಯನ್ನೂ ನೋಡಿದರು, ನನ್ನನ್ನೂ ನೋಡಿದರು. “ಇರ್ಲಿ ಅಲ್ದಾ ಅಮ್ಮ, ಅದ್ರ ಪಾಡಿಗ್ ಅದ್.”

“ಬೇಡ. ನಾನು ಚೆಕ್ ಮಾಡಿದ್ದೇನೆ.”

ಯಾಕೆ ಅಷ್ಟು ಹಟ ಮಾಡಿದೆ? ಮಣೆ ಯಾರಿಗೂ ಅಡ್ಡಿಯಾಗಿರಲಿಲ್ಲ. ನಾನು ಪರೀಕ್ಷಿಸಿದ ಯಂತ್ರದ ಮುಂದೆ ಅದು ಬಿದ್ದಿರುವುದು ನನಗೆ ಅವಮಾನ ಎನ್ನಿಸಿತು, ಅಷ್ಟೆ. ಕಲಿತದ್ದಕ್ಕೆ ಒಂದು ಗುರುತು ಬೇಕಾಗಿತ್ತು. ಶೀನಣ್ಣ ಮಣೆಯನ್ನು ಎತ್ತಿ ಗೋಡೆಗೆ ಒರಗಿಸಿದರು.

ಕೆಲವು ದಿನ ಏನೂ ಆಗಲಿಲ್ಲ. ಒಂದು ಮಧ್ಯಾಹ್ನ ನಾನು ಗಲ್ಲಾದಲ್ಲಿದ್ದೆ. ಗ್ರೈಂಡರಿನ ಸದ್ದು ತಟ್ಟನೆ ನಿಂತಿತು. ಅದರ ಜಾಗದಲ್ಲಿ ಇನ್ನೊಂದು ಸದ್ದು — ಅದನ್ನು ಬರೆಯಲಾರೆ. ಓಡಿದೆ. ಅವರ ಬಲಗೈ ಗ್ರೈಂಡರಿನ ಸ್ಟೀಲಿನ ಅಂಚನ್ನು ಹಿಡಿದಿತ್ತು, ಬಿಡುತ್ತಿರಲಿಲ್ಲ. ಅವರನ್ನು ಮುಟ್ಟಬಾರದೆಂದು ಗೊತ್ತಿತ್ತು — ಅದೂ ವೀಡಿಯೋದಿಂದಲೇ. ಹೋಗಿ ಮೇನ್ ಎಳೆದೆ. ಅವರು ಕುಸಿದುಬಿದ್ದರು. ಪಟದ ಮುಂದಿನ ಬಲ್ಬೂ ಆರಿತು.

ಬಿದ್ದ ಅವರನ್ನು ನೋಡುವ ಮೊದಲು ನಾನು ಆ ಬಲ್ಬು ಆರಿದ್ದನ್ನು ನೋಡಿದೆ. ಇದನ್ನೂ ಹೇಳಬೇಕು.

ಆಸ್ಪತ್ರೆಯಲ್ಲಿ ಜೀವಕ್ಕೆ ಭಯವಿಲ್ಲ ಎಂದರು. ಅಂಗೈ ಸುಟ್ಟಿತ್ತು. ಎರಡು ಬೆರಳು ಮತ್ತೆ ನೇರವಾಗಲಿಲ್ಲ. “ನೀನು ಮೇನ್ ತೆಗೆಯದೆ ಇದ್ದಿದ್ರೆ ಶೀನ ಉಳೀತಿರಲಿಲ್ಲ,” ಎಂದು ನಮ್ಮವರು ಬಂದವರೆದುರೆಲ್ಲ ಹೇಳಿದರು. ನಾನು ಬೇಡವೆನ್ನಲಿಲ್ಲ. ಆಮೇಲೆ ಅವರು ಮಂಚದ ಹತ್ತಿರ ಹೋಗಿ, “ಅಲ್ಲ ಮಾರಾಯ, ಆ ಮಣೆ ಎಲ್ಲಿ ಹೋಗಿತ್ತು?” ಎಂದು ಕೇಳಿದರು.

ಶೀನಣ್ಣ ನನ್ನ ಕಡೆ ನೋಡಿದರು. ನಾನು ಹನಿಯುತ್ತಿದ್ದ ಸಲೈನ್ ಬಾಟಲಿಯನ್ನು ನೋಡುತ್ತಿದ್ದೆ.

“ನಾನೇ ಎತ್ತಿ ಇಟ್ಟದ್ದ್, ಧಣಿ,” ಎಂದರು.

ಒಂದು ಮಾತು ಸಾಕಿತ್ತು. ನಾನು ಆಡಲಿಲ್ಲ. ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತು ಮೊಬೈಲು ತೆಗೆದೆ — ಯಾಕೆ ಹೀಗಾಯಿತು ಎಂದು ತಿಳಿಯಬೇಕಿತ್ತು. ಅಲ್ಲಿ, ಆ ಹೊತ್ತಿನಲ್ಲೂ, ಅದೇ ಕುತೂಹಲ. ಟೆಸ್ಟರಿನ ಪಾಠವನ್ನು ನಾನು ದೀಪ ಹತ್ತುವ ತನಕ ಮಾತ್ರ ನೋಡಿ ನಿಲ್ಲಿಸಿದ್ದೆ. ಉಳಿದದ್ದನ್ನು ಈಗ ನೋಡಿದೆ. ಮೇಷ್ಟ್ರು ಟೆಸ್ಟರನ್ನು ಎತ್ತಿ ಹಿಡಿದು, ಇದು ಒಂದು ಮೋಸವನ್ನು ಕಂಡುಹಿಡಿಯಲಾರದು ಎನ್ನುತ್ತಿದ್ದರು. ಅರ್ತಿಂಗ್ ತಂತಿ ಎಳೆಯುವ ಶ್ರಮ ತಪ್ಪಿಸಲು ಕೆಲವರು ಪ್ಲಗ್ಗಿನ ಒಳಗೇ ಮೂರನೆಯ ತೂತನ್ನು ಹಿಂದಿರುಗುವ ತಂತಿಗೆ ಒಂದು ತುಂಡು ವೈರಿನಿಂದ ಸೇರಿಸಿಬಿಡುತ್ತಾರೆ. ಆಗಲೂ ದೀಪ ಹಸಿರೇ ಹತ್ತುತ್ತದೆ. ಹಿಂದಿರುಗುವ ತಂತಿ ಸಡಿಲವಾಗುತ್ತಿದ್ದರೆ ಯಂತ್ರ ಒಂದೊಂದು ಸಲ ಜುಮ್ಮೆನ್ನುತ್ತದೆ. ಅದು ಪೂರ್ತಿ ಕಳಚಿದ ಗಳಿಗೆ, ಹಿಂದಿರುಗಲು ದಾರಿಯಿಲ್ಲದ ಕರೆಂಟು ಆ ತುಂಡಿನ ಮೂಲಕ ಯಂತ್ರದ ಮೈಗೆಲ್ಲ ಬರುತ್ತದೆ. ಬಿಚ್ಚಿ ನೋಡಿದರೆ ಮಾತ್ರ ಕಾಣುತ್ತದೆ, ಎಂದರು.

ಒಂದೊಂದು ಸಲ ಯಾಕೆ — ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತ್ತು.

ಶೀನಣ್ಣ ಇನ್ನೂ ಆಸ್ಪತ್ರೆಯಲ್ಲಿದ್ದಾಗಲೇ ಎಲೆಕ್ಟ್ರೀಷಿಯನ್ ಸೆಲ್ವಂ ಬಂದು ಪ್ಲಗ್ಗು ಬಿಚ್ಚಿದ. ಆ ತುಂಡು ಹಾಗೆಯೇ ಅಲ್ಲಿತ್ತು. “ಯಾರು ಪೋಟ್ಟಾನೋ, ಪಾವಿ,” ಎಂದು ಅದನ್ನು ಹಾಕಿದ ಯಾರೋ ಹಳೆಯ ಕೆಲಸಗಾರನನ್ನು ಬೈದು, ಅದನ್ನು ಕಿತ್ತು, ನಿಜವಾದ ಅರ್ತಿಂಗ್ ಎಳೆದು, ಸೋರಿಕೆಯಾದರೆ ತಾನೇ ಕರೆಂಟು ಕಡಿಯುವ ಸ್ವಿಚ್ಚು ಹಾಕಿಕೊಟ್ಟ. ನಮ್ಮವರು ಮಾತ್ರ, ಹಳೇ ವೈರಿಂಗು ಹೇಗೂ ಇರಲಿ, ಮಣೆ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ ಎಂದರು. ಅದು ನಿಜ.

ರುಬ್ಬಲಾಗದ ಶೀನಣ್ಣನಿಗೆ ಟೋಕನ್ ಕೊಡುವ ಕೆಲಸ ಸಿಕ್ಕಿತು. ಅವರ ಕುರ್ಚಿ ಗಲ್ಲಾಕ್ಕೆ ತಾಗಿಕೊಂಡೇ. ದಿನವಿಡೀ ನನ್ನ ಪಕ್ಕದಲ್ಲಿ. ರುಬ್ಬಲು ಹೊಸಬರು ಬಂದಾಗಲೆಲ್ಲ ನಮ್ಮವರು ಅವರನ್ನು ಕರೆತಂದು, “ನೋಡಿ, ಮಣೆ ತೆಗೆದದ್ದಕ್ಕೆ ಇವರ ಕೈ ಏನಾಯ್ತು,” ಎನ್ನುವರು. ಶೀನಣ್ಣ ಕೈ ಎತ್ತಿ ತೋರಿಸಿ, “ನನ್ನ ಹಾಂಗೆ ಪೆದ್ದಾಯ್ಬೇಡಿ,” ಎಂದು ನಗುವರು. ನನ್ನನ್ನು ಕಾಪಾಡಲು ಅವರು ಮಾತು ನುಂಗಿದ್ದಾರೆ ಎಂದು ನಾನು ತಿಳಿದಿದ್ದೆ. ಅದಕ್ಕೆ ಕೃತಜ್ಞತೆಯಿಂದ ಕಾಫಿಗೆ ಹಾಲು ಹೆಚ್ಚು ಹಾಕಿಸುತ್ತಿದ್ದೆ — ಹೌದು, ಅಷ್ಟೇ ಮಾಡುತ್ತಿದ್ದೆ.

ಹೋದ ವಾರ ಮತ್ತೊಬ್ಬ ಹೊಸಬ ಬಂದ. ಅದೇ ಮಾತು, ಅದೇ ಕೈ, ಅದೇ ನಗು. ಅವನು ಒಳಗೆ ಹೋದ ಮೇಲೆ ಶೀನಣ್ಣ ಟೋಕನ್ ಹರಿಯುವುದನ್ನು ನಿಲ್ಲಿಸಿ ನನ್ನ ಕಡೆ ಬಗ್ಗಿದರು.

“ಅಮ್ಮ, ಒಂದ್ ಮಾತ್ ಕೇಣ್ಲಾ? ನಿಮ್ಗೆ ಈ ಕರೆಂಟಿನ ವಿಚಾರ ಗೊತ್ತಿತ್ತಲ್ದಾ, ಅದ್ಕೆ. ಆವತ್ತ್ ಹಸ್ರ್ ದೀಪ ಹತ್ತಿತ್ತ್, ನಾನೇ ಕಂಡಿದೆ. ಮಿಷನ್ ಸಮಾ ಇತ್ತ್. ಹಾಂಗಾರೆ ನಾನ್ ಎಂತ ತಪ್ಪ್ ಮಾಡ್ದೆ? ಒದ್ದೆ ಕೈ ಹಾಕ್ದ್ನಾ? ಎಷ್ಟ್ ಯೋಚ್ನೆ ಮಾಡ್ರೂ ತಿಳಿತಿಲ್ಲೆ.”

ಅವರು ಕಾಪಾಡಿದ್ದು ನನ್ನನ್ನಲ್ಲ. ನನ್ನ ದೀಪವನ್ನು ನಂಬಿದ್ದರು. ದೀಪ ಸರಿ ಎಂದ ಮೇಲೆ ತಪ್ಪು ತನ್ನದೇ ಇರಬೇಕೆಂದು, ಅದು ಯಾವುದೆಂದು, ನನ್ನ ಪಕ್ಕದಲ್ಲಿ ಕೂತು ಇಷ್ಟು ವರ್ಷ ಹುಡುಕುತ್ತಿದ್ದರು. ಸೆಲ್ವಂ ಕಿತ್ತ ತುಂಡಿನ ಸುದ್ದಿಯನ್ನು ಅವರ ತನಕ ಯಾರೂ ಒಯ್ದಿರಲಿಲ್ಲ. ಉತ್ತರ ನನ್ನಲ್ಲಿತ್ತು. ಆಸ್ಪತ್ರೆಯ ಬೆಂಚಿನಿಂದಲೂ ನನ್ನಲ್ಲಿತ್ತು.

ನಾನು ಎದ್ದು ಅಡುಗೆಮನೆಗೆ ಹೋಗಿ ಮೇನ್ ತೆಗೆದೆ. ಸ್ಕ್ರೂಡ್ರೈವರ್ ತಂದು ಗ್ರೈಂಡರಿನ ಪ್ಲಗ್ಗು ಬಿಚ್ಚತೊಡಗಿದೆ. ಶೀನಣ್ಣ ಹಿಂದೆಯೇ ಬಂದರು. ಅಷ್ಟರಲ್ಲಿ ನಮ್ಮವರ ಕೂಗು ಕೇಳಿತು — “ದೇವರ ಬಲ್ಬು ಆರಿಸಿದ್ದು ಯಾರು?”

“ನಾನು,” ಎಂದೆ. “ಆವತ್ತು ಮಣೆ ತೆಗೆಸಿದ್ದೂ ನಾನೇ. ಅವರು ಇರಲಿ ಅಂದರೂ ಬಿಡಲಿಲ್ಲ.”

ನಮ್ಮವರು ಬಾಗಿಲಲ್ಲೇ ನಿಂತುಬಿಟ್ಟರು. ನಾನು ಶೀನಣ್ಣನಿಗೆ ಬಿಚ್ಚಿದ ಪ್ಲಗ್ಗನ್ನು ತೋರಿಸಿದೆ. ಕರೆಂಟು ಬರುವ ದಾರಿ, ಹಿಂದಿರುಗುವ ದಾರಿ, ಈಗಿರುವ ಅರ್ತಿಂಗಿನ ಹಸಿರು ತಂತಿ, ಆವತ್ತು ಅದರ ಜಾಗದಲ್ಲಿದ್ದ ತುಂಡು. ದೀಪ ಯಾಕೆ ಹಸಿರು ಹತ್ತಿತು. ನಾನು ಏನನ್ನು ನೋಡದೆ ಬಿಟ್ಟೆ. ಅವರು ಮೊಣಕಾಲೂರಿ ಕೂತು, ಗೋಡೆಗೆ ಮುಖ ತಂದು, ಮಡಚಿದ ಬೆರಳಿನಿಂದ ಆ ಜಾಗವನ್ನು ಮುಟ್ಟಿದರು.

“ಇಲ್ಲಿತ್ತಾ ಅದ್?”

“ಹೌದು, ಅಲ್ಲೇ.”

“ಹಾಂಗಾರೆ ನಂದ್ ಎಂತದೂ ತಪ್ಪಿಲ್ಯಾ?”

“ಇಲ್ಲ ಶೀನಣ್ಣ. ಏನೂ ಇಲ್ಲ.”

ಅವರು ಬೆರಳು ತೆಗೆದು ಎದ್ದರು. ಆಮೇಲೆ ನನ್ನ ಕಡೆ ತಿರುಗದೆ, “ಇದನ್ನ್ ಆವತ್ತೇ ಹೇಳುಕಾತಿತ್ತಲ್ದಾ, ಅಮ್ಮ,” ಎಂದರು.

ಆಗುತ್ತಿತ್ತು.

ಮರುದಿನ ಬೆಳಗ್ಗೆ ಅವರು ಬಂದು ತಮ್ಮ ಕುರ್ಚಿಯನ್ನು ಗಲ್ಲಾದಿಂದ ಬಿಡಿಸಿ, ಬಾಗಿಲ ಕಡೆಗೆ ಎಳೆದುಕೊಂಡು ಕೂತರು. ಟೋಕನ್ ಬೇಕಾದವರು ಈಗ ಅಲ್ಲಿಗೆ ಹೋಗುತ್ತಾರೆ. ಕುರ್ಚಿ ಅಲ್ಲಿಯೇ ಇದೆ. ನಾನು ಇಲ್ಲಿಂದ ನೋಡುತ್ತೇನೆ, ಇತ್ತ ಕರೆಯುವುದಿಲ್ಲ.