ವೆಕ್ಟರ್ ಆದ ಅಕ್ಕನ ಆನೆ

ಅಕ್ಕನ ಚಂದ್ರಕಾಳಿ ಸೀರೆಯನ್ನು ಕೊಟ್ಟು ನಾನು ಒಂದು ಸ್ಟೀಲಿನ ಡಬ್ಬಿ ತೆಗೆದುಕೊಂಡೆ. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಅಕ್ಕ ಸಿಕ್ಕವರಿಗೆಲ್ಲ ಹೇಳುತ್ತಾಳೆ. ಮುಲುಂಡಿನ ನಮ್ಮ ಬಿಲ್ಡಿಂಗಿಗೆ ಹಳೆಬಟ್ಟೆ ಪಡೆದು ಪಾತ್ರೆ ಕೊಡುವ ಹೆಂಗಸೊಬ್ಬಳು ಬರುತ್ತಿದ್ದಳು. ಒಂದು ದಿನ ಗಂಟನ್ನು ಬಿಚ್ಚಿ ನೋಡದೆ ಹಾಗೇ ಎತ್ತಿ ಕೊಟ್ಟೆ. ಅಕ್ಕ ಜೋಪಾನ ಮಾಡಲು ನನ್ನ ಬಳಿ ಇಟ್ಟಿದ್ದ ಕಪ್ಪು ಸೀರೆ ಅದರೊಳಗಿತ್ತು. ಹದಿನೇಳನೆಯ ವಯಸ್ಸಿನಲ್ಲಿ, ಧಾರವಾಡದ ಮನೆಯ ಪಡಸಾಲೆಯಲ್ಲಿ ಕೂತು, ಅದರ ಸೆರಗಿಗೆ ಅವಳು ಕಸೂತಿ ಹಾಕಿದ್ದಳು. ಒಂದು ಆನೆ, ಅದರ ಮುಂದೆ ತುಳಸಿಕಟ್ಟೆ, ಮೇಲೆ ಗಿಳಿಗಳ ಸಾಲು. ಆ ಡಬ್ಬಿಯಲ್ಲಿ ಈಗಲೂ ರವೆ ಇಡುತ್ತೇನೆ. ಮುಚ್ಚಳ ಮಾತ್ರ, ಐ ಮಸ್ಟ್ ಸೇ, ಎಕ್ಸಲೆಂಟ್.

ಅಕ್ಕ ಬೊರಿವಲಿಯಲ್ಲಿ ಮಗ ಸೊಸೆಯರೊಂದಿಗೆ ಇದ್ದಾಳೆ. ಹೋದ ವರ್ಷ ಅವಳ ಕಣ್ಣಿನ ನಟ್ಟನಡುವೆ ಬೂದಿ ಉಜ್ಜಿದಂತೆ ಮಬ್ಬು ಕವಿಯಿತು. ದೊಡ್ಡದಾಗಿ, ದಪ್ಪಗೆರೆಯಲ್ಲಿ ಇರುವುದು ಮಾತ್ರ ಓರೆಗಣ್ಣಿಗೆ ಕಾಣುತ್ತದೆ. ಅದೂ ಎಷ್ಟು ದಿನವೋ ಹೇಳಲಾಗದು ಎಂದರು ಡಾಕ್ಟರ್. ಅಕ್ಕ ಫೋನಿನಲ್ಲಿ ಅದನ್ನು ಹೇಳಿದ್ದು ಹೀಗೆ:

“ಸೀರಿಯಲ್ ನೋಡೂದು ತಪ್ಪಿತು, ಛಲೋನ ಆತು. ಆದ್ರ ನನ್ನ ಆನಿ ಒಮ್ಮೆ ನೋಡಬೇಕಾಗಿತ್ತು. ಹೋಗ್ಲಿ ಬಿಡ. ನೀ ನಿನ್ನ ಡಬ್ಬಿ ನೋಡಕೋತ ಕೂಡು.”

ತಮಾಷೆಗೇ ಅಂದಳು. ಆದರೂ ಅವತ್ತು ನನಗೆ ಊಟ ಸೇರಲಿಲ್ಲ.

ಉಳಿದಿದ್ದದ್ದು ಒಂದೇ ಫೋಟೋ. ಒಗೆದು ಹಗ್ಗದ ಮೇಲೆ ಹರವಿದ ಸೀರೆಯನ್ನು ನಮ್ಮಪ್ಪ ತೆಗೆದದ್ದು. ಯಾರೋ ಅದನ್ನು ಸ್ಕ್ಯಾನ್ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕಿದ್ದರು. ಆನೆ ಅಂಚೆಚೀಟಿಗಿಂತ ಚಿಕ್ಕದು. ಡಿಸೈನ್ ಓದುತ್ತಿರುವ ಮೊಮ್ಮಗಳು ಭಾನುವಾರ ಬಂದಾಗ, ಇದನ್ನು ಗೋಡೆಯಷ್ಟು ದೊಡ್ಡದು ಮಾಡಿಕೊಡು ಎಂದೆ. ಅವಳು ಲ್ಯಾಪ್‌ಟಾಪಿನಲ್ಲಿ ಹಿಗ್ಗಿಸುತ್ತ ಹೋದಳು. ಆನೆ ಕರಗಿ ಬೂದು ಬಣ್ಣದ ಚೌಕಗಳಾಯಿತು.

“ಅಜ್ಜಿ, ಇದು ಬಿಟ್‌ಮ್ಯಾಪ್ ಹೈ ನಾ. ಬರೀ ಚೌಕ, ಚೌಕ. ವೆಕ್ಟರ್ ಮಾಡ್ಬೇಕು. ಫಿರ್ ಎಷ್ಟ್ ದೊಡ್ಡದು ಮಾಡಿದ್ರೂ ಒಡೆಯೋದಿಲ್ಲ.”

ವೆಕ್ಟರ್ ಎಂದರೆ ಚೌಕಗಳ ರಾಶಿಯಲ್ಲ. ಈ ಚುಕ್ಕೆಯಿಂದ ಆ ಚುಕ್ಕೆಗೆ ಒಂದು ಗೆರೆ ಎಂದಷ್ಟೇ ಕಂಪ್ಯೂಟರ್ ನೆನಪಿಡುತ್ತದೆಯಂತೆ. ಅದಕ್ಕೇ ಎಷ್ಟು ಹಿಗ್ಗಿಸಿದರೂ ಗೆರೆ ಚೊಕ್ಕ. ಅವಳು ‘ಟ್ರೇಸ್’ ಎಂಬ ಗುಂಡಿ ಒತ್ತಿದಳು. ಕ್ಷಣದಲ್ಲಿ ತೆರೆಯ ಮೇಲೆ ಒಂದು ಬಟಾಟೆ ಬಂತು. ಅದಕ್ಕೆ ಎರಡು ಸೊಂಡಿಲು! ಹಗ್ಗದ ನೆರಳನ್ನೂ ಸೊಂಡಿಲೆಂದು ತಿಳಿದಿತ್ತು ಆ ಜಾಣ ಸಾಫ್ಟ್‌ವೇರ್.

“ಸೋ ಕ್ಯೂಟ್!” ಎಂದಳು ಮೊಮ್ಮಗಳು.

“ಕ್ಯೂಟ್ ಖರೆ, ಆನಿ ಅಲ್ಲ,” ಎಂದೆ.

ಕಸೂತಿಯಲ್ಲಿ ಬಳುಕುವ ಗೆರೆ ಇಲ್ಲವೇ ಇಲ್ಲ. ಬಟ್ಟೆಯ ಎಳೆ ಎಣಿಸಿ ಸೂಜಿ ನೆಟ್ಟಗೆ ಹೋಗಬೇಕು, ಅಡ್ಡ ಹೋಗಬೇಕು, ಇಲ್ಲವೇ ಓರೆ. ಆನೆಯ ಬೆನ್ನು ದುಂಡಗೆ ಕಾಣುವುದು ಪುಟ್ಟ ಪುಟ್ಟ ಮೆಟ್ಟಿಲುಗಳಿಂದ. ಅಕ್ಕ ಎಣಿಸಿ ಎಣಿಸಿ ಕಟ್ಟಿದ ಆ ಮೆಟ್ಟಿಲನ್ನೆಲ್ಲ ಯಂತ್ರವು ಕೊಳೆಯೆಂದು ಬಗೆದು ಉಜ್ಜಿ ನುಣುಪು ಮಾಡಿತ್ತು. ಹಾಗಾದರೆ ಕೈಯಿಂದಲೇ ಗೆರೆ ಎಳೆಯಬೇಕು ಎಂದಳು ಮೊಮ್ಮಗಳು. ಆದರೆ ಅವಳಿಗೆ ಪರೀಕ್ಷೆ. “ನನಗ ಕಲಿಸು,” ಎಂದೆ. ನಕ್ಕಳು. ಮುಂದಿನ ಭಾನುವಾರ ತನ್ನ ಹಳೆಯ ಲ್ಯಾಪ್‌ಟಾಪ್ ತಂದಿಟ್ಟಳು.

ಫೋಟೋವನ್ನು ಕೆಳಗೆ ಮಸುಕಾಗಿ ಇಟ್ಟುಕೊಂಡು, ಮೇಲೆ ಗ್ರಾಫ್ ಪೇಪರಿನಂಥ ಜಾಲರಿ ಹಾಸಿ, ಪೆನ್ ಟೂಲಿನಿಂದ ಚುಕ್ಕೆ ಇಡುತ್ತ ಹೋದೆ. ಮೊದಲ ವಾರ ಮೌಸ್ ನನ್ನ ಮಾತು ಕೇಳಲಿಲ್ಲ. ಆನೆಗೆ ಚಳಿಜ್ವರ ಬಂದು ನಡುಗಿದ ಹಾಗೆ ಗೆರೆ. ಎರಡನೆಯ ವಾರ ಕೈ ಪಳಗಿತು. ಕಸೂತಿಯ ಗವಂತಿ ಹೊಲಿಗೆಯಲ್ಲಿ ಸೂಜಿ ಒಂದು ಬಿಟ್ಟು ಒಂದರಂತೆ ಸಾಗಿ, ಬಿಟ್ಟದ್ದನ್ನು ತುಂಬುತ್ತ ಹಿಂದಿರುಗಿ, ಹೊರಟಲ್ಲಿಗೇ ಮುಟ್ಟಬೇಕು. ಗಂಟು ಹಾಕುವಂತಿಲ್ಲ. ಪೆನ್ ಟೂಲೂ ಸುತ್ತಿ ಬಂದು ಮೊದಲ ಚುಕ್ಕೆಯ ಹತ್ತಿರ ಬಂದಾಗ ಪಕ್ಕದಲ್ಲಿ ಒಂದು ಸಣ್ಣ ಸೊನ್ನೆ ಮೂಡುತ್ತದೆ: ಮುಟ್ಟು, ಆಕಾರ ಮುಗಿಯಿತು ಎಂದು. ಆನೆಯ ಕಿವಿಗೆ ಆ ಸೊನ್ನೆ ಮೂಡಿದಾಗ ನಾನು ಚಪ್ಪಾಳೆ ತಟ್ಟಿದೆ.

“ಅಜ್ಜಿ, ಗೇಮ್ ಜೀತೀ ಕ್ಯಾ?” ಎಂದು ಮೊಮ್ಮಗಳು ಒಳಗಿನಿಂದ ಕೂಗಿದಳು.

ನಾನು ಕಾನ್ವೆಂಟಿಗೆ ಹೋದವಳು. ಅಲ್ಲಿಯ ಸಿಸ್ಟರ್ ಕ್ರಾಸ್‌ಸ್ಟಿಚ್ಚಿನ ಗುಲಾಬಿ ಕಲಿಸಿದರು. ಟ್ರೇ ಕ್ಲಾತಿಗೆ ಗುಲಾಬಿ, ದಿಂಬಿಗೆ ಗುಲಾಬಿ. ಅಕ್ಕ ಕನ್ನಡ ಶಾಲೆ ಮುಗಿಸಿ ಬಂದು ಅವ್ವನ ಪಕ್ಕ ಕಸೂತಿಗೆ ಕೂಡುತ್ತಿದ್ದಳು. ಹೌ ಓಲ್ಡ್-ಫ್ಯಾಶನ್ಡ್, ಅಂತಿದ್ದೆ ನಾನು, ಅವಳಿಗೆ ಕೇಳುವಂತೆಯೇ. ಈಗ ಎಪ್ಪತ್ತನಾಲ್ಕರಲ್ಲಿ ಅವಳ ಒಂದೊಂದೇ ಹೊಲಿಗೆಯ ಮೇಲೆ ಚುಕ್ಕೆಯಿಡುತ್ತ ಹೋದಾಗ ತಿಳಿಯಿತು: ಬಾಲದಿಂದ ಹೊರಟ ಎಳೆ ಬೆನ್ನು ಹತ್ತಿ, ಅಂಬಾರಿ ಸುತ್ತಿ, ಸೊಂಡಿಲು ಇಳಿದು, ನಾಲ್ಕೂ ಕಾಲು ದಾಟಿ, ಎಲ್ಲೂ ತುಂಡಾಗದೆ ಬಾಲಕ್ಕೇ ಬರುತ್ತಿತ್ತು. ಹದಿನೇಳರ ಹುಡುಗಿ ಇದನ್ನೆಲ್ಲ ತಲೆಯಲ್ಲೇ ಹಿಡಿದಿದ್ದಳು. ನಾನು ಪಕ್ಕದಲ್ಲೇ ಕೂತು ಗುಲಾಬಿ ಹೊಲಿಯುತ್ತಿದ್ದೆ, ಒಮ್ಮೆಯೂ ಕತ್ತೆತ್ತಿ ನೋಡಲಿಲ್ಲ.

ಫೋಟೋ ತೀರ ಮಬ್ಬಾದಲ್ಲಿ ಫೋನು ಮಾಡಿ ಅವಳನ್ನೇ ಕೇಳಬೇಕಾಯಿತು.

“ಅಕ್ಕಾ, ಆನಿ ಬಾಲದಾಗ ಎಷ್ಟು ಮೆಟ್ಟಲಾ?”

“ಏಳು. ಯಾಕ?”

“ಸುಮ್ಮನ.”

“ಕಳದು ಕೂತ ಮ್ಯಾಲ ಎಣಸಲಿಕ್ಕ ಹತ್ಯಾಳ ನೋಡು, ಕಾನ್ವೆಂಟಿನಾಕಿ!”

ಐದು ವಾರದ ಮಧ್ಯಾಹ್ನಗಳು ಹಾಗೆ ಹೋದವು. ಕೊನೆಗೆ ನಾಲ್ಕು ಅಡಿ ಅಗಲ, ಹಳದಿಯ ಮೇಲೆ ಬೆರಳು ದಪ್ಪದ ಕಪ್ಪುಗೆರೆ, ಪ್ರಿಂಟ್ ಮಾಡಿಸಿದೆವು. ಒಂದು ಗೆರೆಯೂ ಒಡೆದಿರಲಿಲ್ಲ. ಸುರುಳಿ ಸುತ್ತಿಕೊಂಡು, ಮೊಮ್ಮಗಳನ್ನೂ ಅವಳ ಲ್ಯಾಪ್‌ಟಾಪನ್ನೂ ಕರೆದುಕೊಂಡು ಲೋಕಲ್ ಹತ್ತಿದೆ. ದಾದರಿನಲ್ಲಿ ಇಳಿದು ಬೊರಿವಲಿ ಗಾಡಿ ಹಿಡಿದಾಗ ಲೇಡೀಸ್ ಡಬ್ಬದಲ್ಲಿ ಒಬ್ಬಳು ಬ್ಯಾನರಿನಂಥ ಆ ಸುರುಳಿ ನೋಡಿ ಕೇಳಿದಳು, “ಆಂಟಿ, ಇಲೆಕ್ಷನ್‌ಗೆ ನಿಂತಿದ್ದೀರಾ ಕ್ಯಾ?”

ಅಕ್ಕನ ಮನೆಯ ಹಾಲ್‌ನ ಗೋಡೆಗೆ ಅಂಟಿಸಿದೆವು. ಅಕ್ಕ ಎದುರು ಬಂದು ನಿಂತು, ಕೋಳಿಯ ಹಾಗೆ ಮುಖ ಪಕ್ಕಕ್ಕೆ ತಿರುಗಿಸಿದಳು. ಈಗ ಅವಳು ನೋಡುವುದೇ ಹಾಗೆ. ಹತ್ತಿರ ಹೋಗಿ ಬೆರಳನ್ನು ಗೆರೆಯ ಮೇಲಿಟ್ಟು ಸರಿಸಿದಳು. ಮತ್ತೆ ಹಿಂದೆ ಬಂದಳು. ಮತ್ತೆ ಕತ್ತು ಓರೆ. ತಡವಾಯಿತೇನೋ, ಬರೀ ಹಳದಿ ಕಾಣುತ್ತಿದೆಯೇನೋ ಎಂದುಕೊಂಡೆ.

“ತಪ್ಪು,” ಎಂದಳು ಅಕ್ಕ.

“ಏನು ತಪ್ಪು? ಒಂದೊಂದ ಎಳಿ ಎಣಿಸೀನಿ!”

“ಆನಿ ಉಲ್ಟಾ ಹೊಂಟದ. ನನ್ನ ಆನಿ ಎಡಕ್ಕ ಹೋಗತಿತ್ತು. ನೀ ಸೆರಗಿನ ಹಿಂದಿನ ಮಗ್ಗಲ ತಗದೀದಿ.”

ನಿಜ. ಗಂಟಿಲ್ಲದ ಗವಂತಿ ಹಿಂದೆ ಮುಂದೆ ಎರಡೂ ಕಡೆ ಒಂದೇ ಸಮ. ಅಪ್ಪ ಹಗ್ಗದ ಆಚೆಬದಿಯಿಂದ ಫೋಟೋ ತೆಗೆದಿದ್ದರು, ನಾನು ಐದು ವಾರ ತಿರುಗುಮುರುಗು ಆನೆಯನ್ನು ತಿದ್ದಿದ್ದೆ. ಅದು ಹೊಳೆಯುವ ಮೊದಲು ಇನ್ನೊಂದು ಹೊಳೆಯಿತು.

“ಅಕ್ಕಾ, ನಿನಗ ಕಾಣತದ?”

“ಕಾಣಲಾರದ ಬೈತೀನೇನು?”

ನಾನು ಅವಳನ್ನು ತಬ್ಬಿಕೊಂಡೆ. ಬಿಡು ಬಿಡು, ಆನಿಗೆ ಅಡ್ಡ ನಿಂತೀದಿ, ಎಂದು ನನ್ನ ಕೈ ಸರಿಸಿ ಮತ್ತೆ ಗೋಡೆಯತ್ತ ಕತ್ತು ಓರೆ ಮಾಡಿದಳು.

ಮೊಮ್ಮಗಳು ಲ್ಯಾಪ್‌ಟಾಪನ್ನು ದೊಡ್ಡ ಟಿವಿಗೆ ಜೋಡಿಸಿ ‘ರಿಫ್ಲೆಕ್ಟ್’ ಒತ್ತಿದಳು. ಟಿವಿಯ ತುಂಬ ಆನೆ ಫಕ್ಕನೆ ಎಡಕ್ಕೆ ತಿರುಗಿತು. ಅಕ್ಕ ಜೋರಾಗಿ ನಕ್ಕಳು. “ಇಷ್ಟ ಸುಲಭ? ನಾ ಬಿಚ್ಚಿ ಹಾಕಿದ್ರ ವಾರ ಹಿಡೀತಿತ್ತು.” ಕುರ್ಚಿಯನ್ನು ಟಿವಿಗೆ ಮೂಗು ತಾಗುವಷ್ಟು ಹತ್ತಿರ ಎಳೆದುಕೊಂಡಳು. “ಕೆಳಗ ಜಾಗಾ ಖಾಲಿ ಅದ. ಅಲ್ಲೊಂದು ಲೋಕಲ್ ಹಾಕು.”

“ಕಸೂತಿಯೊಳಗ ಲೋಕಲ್?”

“ಎಲ್ಲಾ ನೆಟ್ಟನ ಗೆರಿ. ನಮ್ಮ ಅವ್ವ ಮುಂಬೈದಾಗ ಇದ್ದಿದ್ರ ಮೊದಲ ಅದನ್ನ ಹಾಕತಿದ್ಲು. ಹಿಡಿ ಮೌಸ್. ಕಿಟಕಿಗೆ ನಾಲ್ಕು ಎಳಿ. ಬಾಗಲಕ್ಕ ಎಂಟು ಬಿಡು, ಮಂದಿ ಜೋತು ಬೀಳಬೇಕಲ್ಲ.”

ಅವಳು ಎಣಿಸಿದಳು, ನಾನು ಚುಕ್ಕೆಯಿಟ್ಟೆ. ಅಕ್ಕ ಹೇಳಿದ ಕಡೆಯೇ ಎಳೆ ತಿರುಗಿತು, ಸೊನ್ನೆ ಮೂಡಿತು, ಒಂದೊಂದೇ ಬೋಗಿ ಆನೆಯ ಕಾಲ ಕೆಳಗೆ ಹೊರಟಿತು. ಐದನೆಯದು ಮುಗಿಯುವಾಗ ಸೊಸೆ ಬಂದು, ಸೀರಿಯಲ್ಲಿನ ಹೊತ್ತಾಯಿತು, ಟಿವಿ ಬಿಡ್ತೀರಾ ಎಂದು ಮೆಲ್ಲಗೆ ಕೇಳಿದಳು.

“ಇದು ಹನ್ನೆರಡು ಬೋಗಿ ಗಾಡಿ,” ಎಂದಳು ಅಕ್ಕ, ತೆರೆಯಿಂದ ಓರೆಗಣ್ಣು ತೆಗೆಯದೆ. “ಇನ್ನ ಏಳು ಅದಾವ.”